ಸರೀಕರ ಮುಂದೆ ಕಷ್ಟ ಹೇಳಿಕೊಳ್ಳುವುದು ಹೇಗೆ?

ತಿಂಗಳ ಐದನೇ ತಾರೀಕು. ಏಳರೊಳಗೆ ಸಂಬಳ ಬಟವಾಡೆ ಆಗಬೇಕು. ಬ್ಯಾಂಕಿನ ಸಿಸಿ ಲಿಮಿಟ್, ಅಂದರೆ ಬೇಕಾದಾಗ ಎಳೆದುಕೊಳ್ಳಲು ಬ್ಯಾಂಕು ಕೊಟ್ಟ ಸಾಲದ ಮಿತಿ, ಪೂರ್ತಿ ಎಳೆದಾಗಿದೆ. ಮಾಲು ಕೊಳ್ಳುವ ದೊಡ್ಡ ಪಾರ್ಟಿಯೊಂದು ನಾಲ್ಕು ತಿಂಗಳಿಂದ ‘ಮುಂದಿನ ವಾರ ಹಾಕ್ತೀವಿ’ ಅಂತಲೇ ಹೇಳುತ್ತಿದೆ. ಓನರ್ ಎಂದಿನಂತೆ ಶೆಡ್‌ನೊಳಗೆ ಒಂದು ಸುತ್ತು ಹಾಕುತ್ತಾರೆ. ಹುಡುಗರನ್ನು ಮಾತಾಡಿಸುತ್ತಾರೆ. ಆಮೇಲೆ ಕ್ಯಾಬಿನ್‌ಗೆ ಬಂದು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಫೋನ್ ಕೈಯಲ್ಲಿದೆ. ಯಾರಿಗೆ ಮಾಡುವುದು?

ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುವುದು ನನ್ನ ಕೆಲಸ. ಹೀಗೆ ಬಾಗಿಲು ಹಾಕಿಕೊಂಡು ಕೂತವರನ್ನು ತುಂಬ ನೋಡಿದ್ದೇನೆ. ಅವರಿಗೆ ಸಲಹೆ ಕೊಡುವವರಿಗೆ ಬರ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಜಾಗ ಇರಲಿಲ್ಲ.

ಯಾಕೆ ಅಂತ ಒಬ್ಬೊಬ್ಬರನ್ನೇ ತೆಗೆದುಕೊಂಡು ನೋಡೋಣ. ಮನೆಯವರಿಗೆ ಹೇಳಬಹುದು. ಆದರೆ ಸಾಲಕ್ಕೆ ಅಡವಿಟ್ಟಿರುವುದು ಅದೇ ಮನೆಯನ್ನು. ಹೇಳಿದ ರಾತ್ರಿಯಿಂದ ಇಬ್ಬರಿಗೂ ನಿದ್ದೆ ಇರುವುದಿಲ್ಲ. ಮ್ಯಾನೇಜರ್‌ಗೆ ಹೇಳಿದರೆ ಅವರು ಬೇರೆ ಕೆಲಸ ಹುಡುಕಲು ಶುರು ಮಾಡಬಹುದು. ಅದು ತಪ್ಪೂ ಅಲ್ಲ, ಅವರಿಗೂ ಸಂಸಾರ ಇದೆ. ಬ್ಯಾಂಕಿನವರಿಗೆ ಬ್ಯಾಂಕಿನ ದುಡ್ಡಿನ ಚಿಂತೆ. ಕಬ್ಬಿಣ ಕೊಡುವ ಸಪ್ಲೈಯರ್ ಕಿವಿಗೆ ಬಿದ್ದರೆ ನಾಳೆಯಿಂದಲೇ ಉದ್ರಿ ಬಂದ್. ಪಾಲುದಾರರ ದುಡ್ಡೂ ಅದರೊಳಗೇ ಸಿಕ್ಕಿದೆ. ಅದೇ ಲೈನ್‌ನಲ್ಲಿರುವ ಪಕ್ಕದ ಶೆಡ್‌ನವರಿಗೆ ಗೊತ್ತಾದರೆ ನಮ್ಮ ಪಾರ್ಟಿ ಅವರ ಪಾರ್ಟಿ ಆಗಬಹುದು. ಇನ್ನು ನನ್ನಂಥ ಲೆಕ್ಕದವರು. ನಮಗೆ ಅಂಕಿ ಗೊತ್ತು. ಆದರೆ ಐವತ್ತು ಜನರಿಗೆ ಸಂಬಳ ಕೊಡಬೇಕಾದ ಐದನೇ ತಾರೀಕಿನ ರಾತ್ರಿ ಹೇಗಿರುತ್ತದೆ ಅಂತ ನಮಗೆ ಗೊತ್ತಿಲ್ಲ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಓನರ್ ಏನು ತೀರ್ಮಾನ ತೆಗೆದುಕೊಂಡರೂ ಇವರಿಗೆ ಲಾಭವೋ ನಷ್ಟವೋ ಇದ್ದೇ ಇದೆ. ಹಾಗಾಗಿ ಅವರು ಕೊಡುವ ಸಲಹೆಯಲ್ಲಿ, ಅವರಿಗೇ ಗೊತ್ತಿಲ್ಲದ ಹಾಗೆ, ಅವರ ಭಯವೂ ಬೆರೆತಿರುತ್ತದೆ.

ಹಾಗಾದರೆ ಉಳಿದವರು ಯಾರು? ಇಂಥದ್ದೇ ಹೊರೆ ಹೊತ್ತಿರುವವರು. ಆದರೆ ನಮ್ಮ ಹೊರೆಯಲ್ಲಿ ಅವರಿಗೆ ಪಾಲಿಲ್ಲ. ಕನ್ನಡದಲ್ಲಿ ಇಂಥವರಿಗೆ ಒಂದು ಹಳೆಯ ಮಾತಿದೆ: ಸರೀಕರು. ಆ ಮಾತನ್ನು ನಾವು ಎಲ್ಲಿ ಬಳಸುತ್ತೇವೆ ನೋಡಿ. ‘ಸರೀಕರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಬೇಡ.’ ‘ಸರೀಕರ ಎದುರು ಮಾನ ಹೋಯಿತು.’ ನಮ್ಮ ಕಷ್ಟ ಯಾರಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೋ ಅವರಿಂದಲೇ ಅದನ್ನು ಮುಚ್ಚಿಡುತ್ತೇವೆ. ಮದುವೆ ಮನೆಯಲ್ಲಿ ಸಿಕ್ಕಾಗ ‘ಬಿಸಿನೆಸ್ ಹೇಗಿದೆ?’ ಅಂತ ಕೇಳಿದರೆ ಬರುವ ಉತ್ತರ ಒಂದೇ: ‘ಪರವಾಗಿಲ್ಲ, ನಡೀತಿದೆ.’ ಆ ಮಾತು ಹೇಳುವವರ ಖಾತೆ ಬ್ಯಾಂಕಿನಲ್ಲಿ ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಿದ್ದು ಪಕ್ಕದಲ್ಲಿ ನಿಂತಿದ್ದೇನೆ ನಾನು. ತುಂಬ ಸಂಕಟವಾಗುತ್ತದೆ.

ಈ ಗಂಟನ್ನು ಬಿಚ್ಚಲು ಹಲವು ಕಡೆ ಜನ ಒಂದು ದಾರಿ ಕಂಡುಕೊಂಡಿದ್ದಾರೆ. ಬೇರೆ ಬೇರೆ ಉದ್ಯಮ ನಡೆಸುವ ಎಂಟು ಹತ್ತು ಜನ ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕೂರುವುದು. ಕೆಲವು ನಿಯಮ ಹಾಕಿಕೊಂಡು ತಮ್ಮ ಕಷ್ಟವನ್ನು ಬಿಚ್ಚಿಡುವುದು. ಸರೀಕರ ಕೂಟ ಅಂತ ಕರೆಯೋಣ.

ಇದು ಹೊಸದಲ್ಲ. 1727ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಯುವಕ, ಆಗ ಅವನಿಗೆ ಇಪ್ಪತ್ತೊಂದು ವರ್ಷ, ‘ಜುಂಟೊ’ ಎಂಬ ಕೂಟ ಕಟ್ಟಿದ. ಪ್ರತಿ ಶುಕ್ರವಾರ ಸಂಜೆ ಸೇರುತ್ತಿದ್ದರು. ಬಂದವರು ಮುದ್ರಕರು, ಕುಶಲಕರ್ಮಿಗಳು, ಗುಮಾಸ್ತರು. ಪ್ರತಿ ಸಭೆಗೂ ಮೊದಲೇ ಬರೆದಿಟ್ಟ ಪ್ರಶ್ನೆಗಳಿದ್ದವು. ಇತ್ತೀಚೆಗೆ ಯಾರ ವ್ಯಾಪಾರ ಮುಳುಗಿತು, ಯಾಕೆ ಅಂತ ಕೇಳಿದ್ದೀರಾ ಎನ್ನುವುದು ಅದರಲ್ಲೊಂದು. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಮೂರು ಶತಮಾನದ ಹಿಂದೆ ಒಬ್ಬ ಹುಡುಗ, ಗೆದ್ದವರ ಕಥೆಯ ಜೊತೆ ಸೋತವರ ಕಥೆಯನ್ನೂ ಕ್ರಮವಾಗಿ ಕೇಳಬೇಕು ಅಂತ ಬರೆದಿಟ್ಟಿದ್ದಾನೆ.

ಈಗಿನ ಕೂಟಗಳ ಮೂಲ ಇನ್ನೂ ಹತ್ತಿರದ್ದು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ರೇ ಹಿಕಾಕ್ 1945ರಲ್ಲಿ, 27ನೇ ವಯಸ್ಸಿಗೆ, ತಮ್ಮ ಮನೆತನದ ಬೆಲ್ಟ್ ತಯಾರಿಸುವ ಕಂಪನಿಯ ಹೊಣೆ ಹೊತ್ತರು. ತನ್ನ ಹಾಗೆಯೇ ಚಿಕ್ಕ ವಯಸ್ಸಿಗೆ ದೊಡ್ಡ ಕುರ್ಚಿಯಲ್ಲಿ ಕೂತವರ ಜೊತೆ ಮಾತಾಡಬೇಕು ಎಂಬ ಆಸೆಯಿಂದ 1950ರಲ್ಲಿ ಅವರು ಶುರು ಮಾಡಿದ್ದೇ ವೈಪಿಓ (ಯಂಗ್ ಪ್ರೆಸಿಡೆಂಟ್ಸ್ ಆರ್ಗನೈಸೇಶನ್). 1957ರಲ್ಲಿ ಮಿಲ್ವಾಕಿಯ ಉದ್ಯಮಿ ರಾಬರ್ಟ್ ನೂರ್ಸ್ ಕೆಲವು ಕಂಪನಿ ಮುಖ್ಯಸ್ಥರನ್ನು ಒಂದೆಡೆ ಕೂರಿಸಿ ‘ದಿ ಎಕ್ಸಿಕ್ಯುಟಿವ್ ಕಮಿಟಿ’ ಕಟ್ಟಿದರು. ಅದಕ್ಕೆ ಈಗ ವಿಸ್ಟೇಜ್ ಅಂತ ಹೆಸರು. 1987ರಲ್ಲಿ ಶುರುವಾದ ಈಓ (ಆಂತ್ರಪ್ರೆನ್ಯೂರ್ಸ್ ಆರ್ಗನೈಸೇಶನ್) ಕೂಡ ಇದೇ ಜಾತಿಯದು. ಅದರ ಶಾಖೆ ಬೆಂಗಳೂರಿನಲ್ಲೂ ಇದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಉದ್ಯಮಿಗಳ ಸಂಘಗಳು ಬೇಕಾದಷ್ಟಿವೆ. ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಘ ಎಫ್‌ಕೆಸಿಸಿಐ 1916ರಷ್ಟು ಹಳೆಯದು, ವಿಶ್ವೇಶ್ವರಯ್ಯನವರ ಕಾಲದ್ದು. ಸಣ್ಣ ಕೈಗಾರಿಕೆಗಳ ಕಾಸಿಯಾ 1949ರಿಂದ ಇದೆ. ಇವು ಕರೆಂಟು, ತೆರಿಗೆ, ರಸ್ತೆ ಅಂತ ಸರ್ಕಾರದ ಮುಂದೆ ನಮ್ಮ ಪರವಾಗಿ ಮಾತಾಡುತ್ತವೆ. ಅದು ಬೇಕೇ ಬೇಕು. ಆದರೆ ಅಲ್ಲಿ ನಾವು ಎದ್ದು ನಿಂತು ‘ನನಗೆ ಈ ತಿಂಗಳು ಸಂಬಳ ಕೊಡಲು ದುಡ್ಡಿಲ್ಲ’ ಅನ್ನಲಾಗುವುದಿಲ್ಲ. ಸಂಘ ಇರುವುದು ಎಲ್ಲರ ಕಷ್ಟಕ್ಕೆ. ಕೂಟ ಇರುವುದು ಒಬ್ಬರ ಕಷ್ಟಕ್ಕೆ, ಅದೂ ಗುಟ್ಟಾಗಿ.

ಇನ್ನು ಕೂಟದ ನಿಯಮಗಳು. ಒಳಗೆ ಕೇಳಿದ್ದು ಹೊರಗೆ ಹೋಗಬಾರದು, ಮನೆಯವರಿಗೂ ಹೇಳಬಾರದು. ಒಂದೇ ಲೈನ್‌ನ ಇಬ್ಬರು ಒಂದೇ ಕೂಟದಲ್ಲಿ ಇರಬಾರದು. ಒಬ್ಬರಿಗೊಬ್ಬರು ಮಾಲು ಮಾರಬಾರದು. ಇವೆಲ್ಲ ಕೇಳಿದ ಕೂಡಲೇ ಅರ್ಥವಾಗುತ್ತವೆ. ಅರ್ಥವಾಗದೆ ಹೊಸಬರು ಮುಗ್ಗರಿಸುವುದು ಇನ್ನೊಂದು ನಿಯಮದಲ್ಲಿ: ಸಲಹೆ ಕೊಡಬಾರದು.

ಸಲಹೆಗೆ ಅಂತಲೇ ಸೇರಿದ್ದಲ್ವಾ? ಹೌದು. ಆದರೂ ‘ನೀವು ಹೀಗೆ ಮಾಡಿ’ ಅನ್ನುವ ಹಾಗಿಲ್ಲ. ‘ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ’ ಅನ್ನುವ ಹಾಗೂ ಇಲ್ಲ. ‘ನನಗೆ ಒಮ್ಮೆ ಹೀಗಾಗಿತ್ತು, ನಾನು ಹೀಗೆ ಮಾಡಿದೆ, ಹೀಗಾಯಿತು’ ಅಂತ ಮಾತ್ರ ಹೇಳಬಹುದು. ಈಓ, ವೈಪಿಓ ಕೂಟಗಳಲ್ಲಿ ಇದನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಇದರ ಹಿಂದಿನ ಲೆಕ್ಕ ಸರಳ. ‘ಹೀಗೆ ಮಾಡು’ ಅಂದ ಕ್ಷಣ ಹೇಳಿದವರು ಒಂದು ಮೆಟ್ಟಿಲು ಮೇಲೆ ಹೋದರು, ಕೇಳಿದವರು ಒಂದು ಮೆಟ್ಟಿಲು ಕೆಳಗೆ ಇಳಿದರು. ಇಬ್ಬರೂ ಸರೀಕರಾಗಿ ಉಳಿಯಲಿಲ್ಲ. ಕೆಳಗೆ ಇಳಿದವರು ತಮ್ಮ ಮಾನ ಉಳಿಸಿಕೊಳ್ಳಲು ವಾದ ಶುರು ಮಾಡುತ್ತಾರೆ: ‘ಅದೆಲ್ಲ ನಮ್ಮ ಲೈನ್‌ನಲ್ಲಿ ಆಗಲ್ಲ.’ ಅಲ್ಲಿಗೆ ಮಾತು ಮುಗಿಯಿತು. ಅದೇ ‘ನನಗೆ ಹೀಗಾಗಿತ್ತು’ ಅಂದರೆ, ಹೇಳುವವರೂ ತಮ್ಮ ಒಂದು ಗಾಯವನ್ನು ಮೇಜಿನ ಮೇಲೆ ಇಟ್ಟ ಹಾಗೆ. ಈಗ ಇಬ್ಬರೂ ಒಂದೇ ಮಟ್ಟದಲ್ಲಿ ಕೂತಿದ್ದಾರೆ.

ಒಂದು ಸಭೆ ಹೇಗೆ ನಡೆಯುತ್ತದೆ ಅಂತ ಕಣ್ಣ ಮುಂದೆ ತಂದುಕೊಳ್ಳೋಣ. ಇದು ಕಲ್ಪನೆಯ ಉದಾಹರಣೆ. ಆದರೆ ಇಂಥ ಲೆಕ್ಕವನ್ನು ನಾನು ತಿಂಗಳು ತಿಂಗಳೂ ನೋಡುತ್ತೇನೆ.

ಶೀಟ್ ಮೆಟಲ್ ಕೆಲಸದ ಒಂದು ಸಣ್ಣ ಯೂನಿಟ್. ನಡೆಸುವವರು ಒಬ್ಬ ಹೆಣ್ಣುಮಗಳು. ತಿಂಗಳ ವಹಿವಾಟು 40 ಲಕ್ಷ. ಅದರಲ್ಲಿ 24 ಲಕ್ಷ ಒಂದೇ ಪಾರ್ಟಿಯಿಂದ. ಆ ಪಾರ್ಟಿ ನಾಲ್ಕು ತಿಂಗಳ ಬಿಲ್ ಬಾಕಿ ಇಟ್ಟಿದೆ, 96 ಲಕ್ಷ. ಅವರು ಕೂಟದ ಮುಂದೆ ಇಡುವ ಪ್ರಶ್ನೆ ಇದು: ‘ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ 20 ಲಕ್ಷ ಕೈಸಾಲ ಸಿಗುತ್ತೆ. ತಗೊಳ್ಳಲಾ?’

ಮೊದಲ ಇಪ್ಪತ್ತು ನಿಮಿಷ ಯಾರೂ ಅಭಿಪ್ರಾಯ ಹೇಳುವ ಹಾಗಿಲ್ಲ. ಬರೀ ಪ್ರಶ್ನೆ. ಈ ದುಡ್ಡು ಯಾವುದಕ್ಕೆ ಹೋಗುತ್ತೆ? ಸಂಬಳಕ್ಕಾ, ಕಬ್ಬಿಣಕ್ಕಾ? ಕಬ್ಬಿಣ ಯಾವ ಆರ್ಡರ್‌ಗೆ? ಅದೇ ಪಾರ್ಟಿಗಾ? ಆ ಪಾರ್ಟಿಯ ಮಾಲಿನಲ್ಲಿ ನಿಮಗೆ ನೂರಕ್ಕೆ ಎಷ್ಟು ಉಳಿಯುತ್ತೆ?

‘ಎಂಟು ರೂಪಾಯಿ.’

ಇಲ್ಲಿ ಒಬ್ಬರು ಕಾಗದ ತೆಗೆದುಕೊಳ್ಳುತ್ತಾರೆ. ನೂರು ರೂಪಾಯಿ ಮಾಲಿಗೆ ಕೈಯಿಂದ ಬೀಳುವುದು 92. ಅದು ನಾಲ್ಕು ತಿಂಗಳು ಸಿಕ್ಕಿಕೊಳ್ಳುತ್ತದೆ. ನೂರಕ್ಕೆ ಮೂರರಂತೆ ನಾಲ್ಕು ತಿಂಗಳ ಬಡ್ಡಿಯೇ 11 ರೂಪಾಯಿ. ಲಾಭ ಎಂಟು, ಬಡ್ಡಿ ಹನ್ನೊಂದು. ಕೈಸಾಲ ತಂದು ಆ ಪಾರ್ಟಿಗೆ ಮಾಲು ಕೊಟ್ಟರೆ, ಪ್ರತಿ ನೂರು ರೂಪಾಯಿಗೂ ಮೂರು ರೂಪಾಯಿ ಕೈಯಿಂದ ಹೋಗುತ್ತದೆ.

ಇದು ಐದನೇ ಕ್ಲಾಸಿನ ಲೆಕ್ಕ. ಆ ಹೆಣ್ಣುಮಗಳು ಇದಕ್ಕಿಂತ ಕಷ್ಟದ ಲೆಕ್ಕವನ್ನು ದಿನಾ ಮಾಡುತ್ತಾರೆ. ಆದರೆ ಈ ಲೆಕ್ಕವನ್ನು ಮಾಡಿರಲಿಲ್ಲ. ಯಾಕೆಂದರೆ ಅವರು ಯೂನಿಟ್ ಶುರು ಮಾಡಿದಾಗ ಮೊದಲ ಆರ್ಡರ್ ಕೊಟ್ಟಿದ್ದು ಅದೇ ಪಾರ್ಟಿ. ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಅವರ ಪ್ರಶ್ನೆಯೇ ಬದಲಾಗಿರುತ್ತದೆ. ‘ಸಾಲ ತಗೊಳ್ಳಲಾ’ ಅನ್ನುವುದು ಹೋಗಿ, ‘ಇವರಿಗೆ ಮಾಲು ನಿಲ್ಲಿಸುವುದು ಹೇಗೆ’ ಅನ್ನುವುದು ಬಂದಿರುತ್ತದೆ.

ಆಮೇಲೆ ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾರೆ. ಒಬ್ಬರು: ‘ನಾನು ಒಂದೇ ಸಲ ನಿಲ್ಲಿಸಲಿಲ್ಲ. ಹಳೇ ಬಿಲ್ ಒಂದು ಕ್ಲಿಯರ್ ಮಾಡಿದರೆ ಹೊಸ ಲೋಡ್ ಒಂದು ಅಂದೆ. ಎರಡು ತಿಂಗಳು ಜಗಳ ಆಯಿತು. ಆಮೇಲೆ ದಾರಿಗೆ ಬಂದರು.’ ಇನ್ನೊಬ್ಬರು: ‘ನಾನು ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿದೆ. ದುಡ್ಡು ಬಂತು, ಪಾರ್ಟಿ ಹೋಯಿತು.’

ಈ ಸಮಾಧಾನ್ ಏನು ಅಂತ ಹೇಳಿಬಿಡುತ್ತೇನೆ, ತುಂಬ ಜನಕ್ಕೆ ಉಪಯೋಗಕ್ಕೆ ಬರುತ್ತದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆ ದೂರು ಕೊಡಲು ಕೇಂದ್ರ ಸರ್ಕಾರ ತೆರೆದ ಪೋರ್ಟಲ್ಲೇ ಸಮಾಧಾನ್. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಮೊದಲೇ ಆಗಿರಬೇಕು. 2023-24ನೇ ಸಾಲಿನಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಕೊಂಡವರು ಕಾಯ್ದೆ ಹೇಳಿದ ಸಮಯಕ್ಕೆ ದುಡ್ಡು ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚಾಗಿ ತೋರಿಸಬಹುದು. ಈ ನಿಯಮವನ್ನು ನನ್ನಂಥವರು ಯಾರು ಬೇಕಾದರೂ ಹೇಳಬಹುದು. ಆದರೆ ‘ದುಡ್ಡು ಬಂತು, ಪಾರ್ಟಿ ಹೋಯಿತು’ ಅಂತ ನಾವು ಹೇಳಲಾರೆವು. ಅದನ್ನು ಹೇಳಬಲ್ಲವರು ದೂರು ಹಾಕಿದವರು ಮಾತ್ರ.

ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ: ‘ನಾನು ಮಾಡಿದ ತಪ್ಪು ಬ್ಯಾಂಕಿಗೆ ತಡವಾಗಿ ಹೋಗಿದ್ದು.’ ಇದು ನನ್ನ ಪ್ರಕಾರ ಇಡೀ ಸಭೆಯ ಅತಿ ಬೆಲೆಯ ಮಾತು. ಕಂತು ತಪ್ಪಿದ ಖಾತೆಗೆ ಬ್ಯಾಂಕು ‘ಎಸ್‌ಎಂಎ’, ಅಂದರೆ ಕಣ್ಣಿಡಬೇಕಾದ ಖಾತೆ, ಅಂತ ಮೂರು ಹಂತದ ಗುರುತು ಹಾಕುತ್ತದೆ. 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆ ಗೆರೆ ದಾಟುವ ಮುಂಚೆ ಹೋಗಿ ‘ಕಷ್ಟ ಇದೆ, ಕಂತು ಮರುಹೊಂದಿಸಿ’ ಅಂತ ಕೇಳಬಹುದು. 25 ಕೋಟಿವರೆಗಿನ ಸಾಲಕ್ಕೆ ಇದಕ್ಕೆಂದೇ ರಿಸರ್ವ್ ಬ್ಯಾಂಕಿನ ನಿಯಮ 2016ರಿಂದ ಇದೆ. ಗೆರೆ ದಾಟಿದ ಮೇಲೆ ಬ್ಯಾಂಕ್ ಮ್ಯಾನೇಜರ್ ಕೈ ಕಟ್ಟಿದಂತಾಗುತ್ತದೆ. ಆದರೆ ಆ ಮೂರು ತಿಂಗಳಲ್ಲಿ ಹೆಚ್ಚಿನವರು ಮಾಡುವುದೇನು? ಆ ಮ್ಯಾನೇಜರ್ ಮಾಡಿದ ಫೋನನ್ನು ಎತ್ತುವುದಿಲ್ಲ. ನಾಚಿಕೆಯಿಂದ ಹೋದ ಆ ತೊಂಬತ್ತು ದಿನ ಮತ್ತೆ ಸಿಗುವುದಿಲ್ಲ. ಆ ದಿನಗಳಲ್ಲಿ ಒಬ್ಬ ಸರೀಕರು ‘ನಾನೂ ಫೋನ್ ಎತ್ತುತ್ತಿರಲಿಲ್ಲ’ ಅಂದರೆ ಸಾಕು, ಮಾರನೇ ದಿನ ಬ್ಯಾಂಕಿಗೆ ಹೋಗುವ ಧೈರ್ಯ ಬರುತ್ತದೆ.

ಇದು ಬರೀ ಸಮಾಧಾನದ ಮಾತಾ, ನಿಜವಾಗಿ ಉಪಯೋಗ ಇದೆಯಾ? ಇದನ್ನು ಅಳೆದು ನೋಡಿದವರಿದ್ದಾರೆ. ಜಿಂಗ್ ಕಾಯ್ ಮತ್ತು ಆಡಮ್ ಸೀಡ್ಲ್ ಎಂಬ ಅರ್ಥಶಾಸ್ತ್ರಜ್ಞರು ಚೀನಾದಲ್ಲಿ 2,820 ಸಣ್ಣ ಉದ್ಯಮಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಕೆಲವರನ್ನು ಸಣ್ಣ ಗುಂಪುಗಳಿಗೆ ಹಾಕಿದರು. ಅವರು ಒಂದು ವರ್ಷ ತಿಂಗಳಿಗೊಮ್ಮೆ ಸೇರಿದರು. ಉಳಿದವರಿಗೆ ಸಭೆ ಇರಲಿಲ್ಲ. ಸೇರಿದವರ ವಹಿವಾಟು ಸೇರದವರಿಗಿಂತ ಶೇ 8.1ರಷ್ಟು ಜಾಸ್ತಿ ಆಯಿತು. ಸಭೆಗಳು ನಿಂತು ಒಂದು ವರ್ಷವಾದ ಮೇಲೂ ಆ ವ್ಯತ್ಯಾಸ ಉಳಿದಿತ್ತು. 2018ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಗುಂಪಿನಲ್ಲಿ ಪೈಪೋಟಿಯವರು ಇಲ್ಲದಿದ್ದಾಗಲೇ ಜನ ತಮಗೆ ಗೊತ್ತಿದ್ದನ್ನು ಜಾಸ್ತಿ ಹಂಚಿಕೊಂಡರು. ಒಂದೇ ಲೈನ್‌ನ ಇಬ್ಬರು ಬೇಡ ಅನ್ನುವ ನಿಯಮಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬೇರೆಯವರ ಕಷ್ಟಕ್ಕೆ ದಾರಿ ಹೊಳೆಯುತ್ತದೆ, ನಮ್ಮದಕ್ಕೆ ಹೊಳೆಯುವುದಿಲ್ಲ. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಇಗೊರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರು 2014ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಜನ ಸ್ವಂತ ಸಂಬಂಧದ ಸಮಸ್ಯೆಗಿಂತ ಗೆಳೆಯರ ಸಮಸ್ಯೆಯ ಬಗ್ಗೆ ಹೆಚ್ಚು ವಿವೇಕದಿಂದ ಯೋಚಿಸುತ್ತಾರೆ. ಆದರೆ ತಮ್ಮ ಸಮಸ್ಯೆಯನ್ನೇ ದೂರ ನಿಂತು, ಬೇರೆಯವರದ್ದು ಎಂಬಂತೆ ನೋಡಿದರೆ ಆ ವ್ಯತ್ಯಾಸ ಹೋಗುತ್ತದೆ.

ಇದಕ್ಕೆ ಉದ್ಯಮ ಲೋಕದ ಒಂದು ಪ್ರಸಿದ್ಧ ಉದಾಹರಣೆ ಇಂಟೆಲ್ ಕಂಪನಿಯದು. 1985ರ ಸುಮಾರಿಗೆ ಆ ಕಂಪನಿ ಕಟ್ಟಿ ಬೆಳೆಸಿದ್ದ ಕಂಪ್ಯೂಟರ್ ಮೆಮೊರಿ ಚಿಪ್ ವ್ಯಾಪಾರ ಜಪಾನಿನ ಪೈಪೋಟಿಗೆ ಸಿಕ್ಕಿ ಮುಳುಗುತ್ತಿತ್ತು. ಕಂಪನಿಯ ಅಧ್ಯಕ್ಷ ಆ್ಯಂಡಿ ಗ್ರೋವ್ ಒಂದು ದಿನ ಅದರ ಸಿಇಓ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮಿಬ್ಬರನ್ನೂ ಹೊರಗೆ ಹಾಕಿ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ? ಮೂರ್ ತಡಮಾಡದೆ ಹೇಳಿದರು: ಮೆಮೊರಿ ಬಿಟ್ಟುಬಿಡುತ್ತಾರೆ. ಹಾಗಿದ್ದರೆ ನಾವೇ ಬಾಗಿಲಿಂದ ಹೊರಗೆ ಹೋಗಿ, ಒಳಗೆ ಬಂದು, ಅದನ್ನು ಯಾಕೆ ಮಾಡಬಾರದು ಅಂದರು ಗ್ರೋವ್. ಹಾಗೇ ಮಾಡಿದರು. ಉತ್ತರ ಇಬ್ಬರಿಗೂ ಗೊತ್ತೇ ಇತ್ತು. ಹೊರಗಿನವರ ಕಣ್ಣು ಬೇಕಿತ್ತು ಅಷ್ಟೇ. ಅವರಿಬ್ಬರು ಒಬ್ಬರಿಗೊಬ್ಬರು ಆ ಕಣ್ಣಾದರು. ಹಾಗೆ ಪಕ್ಕದಲ್ಲೇ ಒಬ್ಬ ಮೂರ್ ಇರುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಈ ವಿಷಯ ಬರೆಯುವಾಗ ನಮ್ಮ ನಾಡಿನ ಒಂದು ನೋವನ್ನು ನೆನೆಯದೆ ಇರಲಾರೆ. 2019ರ ಜುಲೈ ಕೊನೆಯಲ್ಲಿ ಕೆಫೆ ಕಾಫಿ ಡೇ ಕಟ್ಟಿದ ವಿ. ಜಿ. ಸಿದ್ಧಾರ್ಥ ಅವರನ್ನು ನಾವು ಕಳೆದುಕೊಂಡೆವು. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಹುಡುಗ ಹುಡುಗಿಯರ ಕೈಗೆ ಕೊಟ್ಟವರು ಅವರು. ಅವರದೆಂದು ಹೊರಬಂದ ಪತ್ರದಲ್ಲಿ, ತಮ್ಮ ಹಣಕಾಸಿನ ವ್ಯವಹಾರ ತಂಡದವರಿಗೆ, ಆಡಿಟರ್‌ಗಳಿಗೆ ಗೊತ್ತಿಲ್ಲ, ಮನೆಯವರಿಂದಲೂ ಮುಚ್ಚಿಟ್ಟಿದ್ದೆ ಅನ್ನುವ ಅರ್ಥದ ಸಾಲುಗಳಿದ್ದವು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಅಂತ ಹೇಳುವ ಹಕ್ಕು ನನಗಿಲ್ಲ. ಯಾರಾದರೂ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತಲೂ ಹೇಳಲಾರೆ. ಆದರೆ ಆ ಸಾಲುಗಳನ್ನು ಓದಿದ ದಿನದಿಂದ, ನನ್ನ ಬಳಿ ಬರುವ ಪ್ರತಿ ಓನರ್‌ಗೂ ಲೆಕ್ಕ ಕೇಳುವ ಮುಂಚೆ ಒಂದು ಮಾತು ಕೇಳುತ್ತೇನೆ: ‘ಇದು ಇನ್ಯಾರಿಗೆ ಗೊತ್ತು?’ ‘ಯಾರಿಗೂ ಇಲ್ಲ’ ಅಂದರೆ ನನಗೆ ಅಂಕಿಗಳಿಗಿಂತ ಅದೇ ದೊಡ್ಡ ಅಪಾಯ ಅನ್ನಿಸುತ್ತದೆ.

ಇಲ್ಲಿ ಕೂಟದ ಮಿತಿಯನ್ನೂ ಹೇಳಬೇಕು. ಕೂಟ ವೈದ್ಯರಲ್ಲ. ಯಾರಾದರೂ ಬದುಕೇ ಸಾಕು ಅನ್ನುವ ಧಾಟಿಯಲ್ಲಿ ಮಾತಾಡಿದರೆ ಅನುಭವ ಹೇಳುತ್ತಾ ಕೂರಬಾರದು. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿಗೆ ಫೋನ್ ಹಚ್ಚಿ ಕೊಡಬೇಕು. ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಡಬಾರದು.

ಕೂಟ ವಕೀಲರೂ ಅಲ್ಲ. ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಗೆಳೆಯರಿಗೆ ಹೇಳಿದ್ದಕ್ಕೆ ಇಲ್ಲ. ಕೋರ್ಟು ಕರೆದು ಕೇಳಿದರೆ ಅವರು ಹೇಳಬೇಕಾಗುತ್ತದೆ. ಶೇರು ಮಾರುಕಟ್ಟೆಯಲ್ಲಿರುವ ಕಂಪನಿಯವರಾದರೆ ಇನ್ನೂ ಎಚ್ಚರ ಬೇಕು. ಶೇರಿನ ಬೆಲೆ ಏರಿಳಿಯುವಂಥ, ಇನ್ನೂ ಹೊರಬೀಳದ ಸುದ್ದಿಯನ್ನು ಕೂಟದಲ್ಲಿ ಹೇಳಿದರೆ ಶೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮ ಮುರಿದಂತೆ.

ಕೂಟಗಳು ಕೆಡುವುದು ಸಾಮಾನ್ಯವಾಗಿ ದುಡ್ಡಿನಿಂದ. ಒಬ್ಬರಿಗೆ ಕಷ್ಟ ಬಂತು, ಇನ್ನೊಬ್ಬರು ಐದು ಲಕ್ಷ ಕೊಟ್ಟರು, ಅಥವಾ ಬ್ಯಾಂಕಿನಲ್ಲಿ ಜಾಮೀನು ಸಹಿ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಕ್ಷಣದಿಂದ ಅವರಿಗೂ ನಿಮ್ಮ ತೀರ್ಮಾನದಲ್ಲಿ ಲಾಭ ನಷ್ಟ ಬಂತು. ಅವರೂ ಬ್ಯಾಂಕಿನವರ, ಸಪ್ಲೈಯರ್‌ನ ಸಾಲಿಗೆ ಸೇರಿದರು. ಕೂಟಕ್ಕೆ ಒಂದು ಕಿವಿ ಕಮ್ಮಿಯಾಯಿತು. ಸಹಾಯ ಮಾಡಲೇಬೇಕು ಅನ್ನಿಸಿದರೆ ಮಾಡಿ, ಆದರೆ ಅವರ ವಿಷಯ ಬಂದಾಗ ಮಾತ್ರ ಕೂಟದಿಂದ ಎದ್ದು ಹೊರಗಿರಿ.

ಜೊತೆಗೆ ಯಾರಿದ್ದಾರೆ ಅನ್ನುವುದೂ ಮುಖ್ಯ. ಭಾರತದ ನೂರು ಟೆಕ್ ಸ್ಟಾರ್ಟಪ್‌ಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅದರಲ್ಲಿ ಉದ್ಯಮಿಗಳು ಒಬ್ಬರಿಗೊಬ್ಬರು ಸಲಹೆ ಕೊಟ್ಟರು. ನೌಕರರ ಜೊತೆ ಕ್ರಮವಾಗಿ ಸಭೆ ಮಾಡುವ, ಗುರಿ ಹಾಕುವ, ಕೆಲಸ ಹೇಗಾಯಿತು ಅಂತ ತಿಳಿಸುವ ಜೊತೆಗಾರರಿಂದ ಸಲಹೆ ಪಡೆದವರ ಕಂಪನಿಗಳು, ಅಂಥ ಕ್ರಮ ಇಲ್ಲದವರಿಂದ ಪಡೆದವರಿಗಿಂತ ಎರಡು ವರ್ಷದಲ್ಲಿ ಶೇ 28ರಷ್ಟು ದೊಡ್ಡದಾಗಿದ್ದವು. ಸರೀಕರು ಅಂದ ಮಾತ್ರಕ್ಕೆ ಎಲ್ಲರ ಸಲಹೆಗೂ ಒಂದೇ ತೂಕ ಇಲ್ಲ. ನಾಲ್ಕು ಜನ ಸೇರಿ ಸುಮ್ನೆ ಮಾರುಕಟ್ಟೆಯನ್ನು ಬೈದು ಎದ್ದು ಬರುವುದೂ ಕೂಟವಲ್ಲ.

ಇದೆಲ್ಲ ದೊಡ್ಡ ಊರಿನ, ದೊಡ್ಡ ಫೀಸಿನ ವಿಷಯ ಅಂತ ಅನ್ನಿಸಬಹುದು. ಹಾಗೇನಿಲ್ಲ. ನಮ್ಮ ರಾಜ್ಯದ ಹಳ್ಳಿಯ ಹೆಣ್ಣುಮಕ್ಕಳು ಇದನ್ನು ನಮಗಿಂತ ಮೊದಲೇ ಮಾಡಿದ್ದಾರೆ. ಹಳ್ಳಿಗಳ ಅಭಿವೃದ್ಧಿಗೆ ದುಡಿಯುವ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದಾಗ, ಅದು ಕಟ್ಟಿದ್ದ ದೊಡ್ಡ ಸಹಕಾರಿ ಸಂಘಗಳು ಒಡೆದವು. ಆದರೆ ಆ ಸಂಘಗಳ ಒಳಗಿನ ಸಣ್ಣ ಸಣ್ಣ ಗುಂಪುಗಳು ಒಡೆಯಲಿಲ್ಲ. ಅವು ತಾವಾಗಿಯೇ ಮುಂದೆ ಬಂದವು. ಯಾಕೆ ಅಂತ ನೋಡಿದರೆ, ಆ ಜನ ಒಬ್ಬರನ್ನೊಬ್ಬರು ಮೊದಲೇ ನಂಬಿದ್ದರು, ಒಬ್ಬರನ್ನೊಬ್ಬರು ತಾವೇ ಆರಿಸಿಕೊಂಡಿದ್ದರು. ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ವಾರವಾರ ಸುತ್ತ ಕೂತು, ಯಾರ ಮನೆಯಲ್ಲಿ ಏನು ಕಷ್ಟ, ಈ ವಾರ ಕಂತು ಯಾಕೆ ಕಟ್ಟಲಾಗಲಿಲ್ಲ ಅಂತ ಎಲ್ಲರ ಮುಂದೆ ಹೇಳುವುದು ಅವರಿಗೆ ರೂಢಿಯಾಗಿದೆ. ಅವರು ಸಾಲವನ್ನೂ ಕೊಡುತ್ತಾರೆ, ಅದು ಬೇರೆ ವ್ಯವಸ್ಥೆ. ನಾವು ಅವರಿಂದ ಕಲಿಯಬೇಕಾದ್ದು ಆ ಬಾಯಿಬಿಡುವ ರೂಢಿಯನ್ನು.

ನೀವು ಶುರು ಮಾಡುವುದಾದರೆ ಆರು ಜನ ಸಾಕು. ಎಲ್ಲರೂ ತಮ್ಮ ಸಹಿಯಿಂದ ಸಂಬಳ ಕೊಡುವವರಾಗಿರಲಿ. ನೆಂಟರು ಬೇಡ. ನಮ್ಮ ಊರುಗಳಲ್ಲಿ ಸುದ್ದಿ ಹರಡುವುದು ನೆಂಟಸ್ತಿಕೆಯ ದಾರಿಯಲ್ಲೇ, ಮಗಳ ಮದುವೆ ಮಾತುಕತೆವರೆಗೂ ಅದು ಹೋಗುತ್ತದೆ. ಆದಷ್ಟು ಬೇರೆ ಬೇರೆ ಊರಿನವರಿದ್ದರೆ ಒಳ್ಳೆಯದು. ಬೆಳಗಾವಿಯ ಫೌಂಡ್ರಿಯವರು, ದಾವಣಗೆರೆಯ ಅಕ್ಕಿ ಗಿರಣಿಯವರು, ಹುಬ್ಬಳ್ಳಿಯ ಪ್ರಿಂಟಿಂಗ್ ಪ್ರೆಸ್ಸಿನವರು, ಪೀಣ್ಯದ ಮಷಿನ್ ಶಾಪಿನವರು. ಕಷ್ಟ ಬಂದ ಮೇಲೆ ಕೂಟ ಹುಡುಕಲು ಹೊರಟರೆ ಸಿಗುವುದಿಲ್ಲ. ನಂಬಿಕೆ ಕುದುರಲು ಒಂದು ವರ್ಷವಾದರೂ ಬೇಕು. ಎಲ್ಲ ಚೆನ್ನಾಗಿರುವಾಗಲೇ ಸೇರಿ.

ಮೊದಲ ಸಭೆಗೆ ಪ್ರತಿಯೊಬ್ಬರೂ ಒಂದು ಹಾಳೆ ತರಲಿ. ಕೈಯಲ್ಲಿ ಎಷ್ಟಿದೆ, ಬರಬೇಕಾದ್ದು ಎಷ್ಟು, ಕೊಡಬೇಕಾದ್ದು ಎಷ್ಟು, ಒಂದು ತಿಂಗಳ ಸಂಬಳ ಎಷ್ಟು. ನಾಲ್ಕೇ ಅಂಕಿ, ಸುತ್ತು ಬಳಸಿ ಹೇಳುವ ಹಾಗಿಲ್ಲ. ಕೂಟಕ್ಕೆ ಕರೆದವರೇ ಮೊದಲು ತಮ್ಮ ಹಾಳೆ ತೆಗೆಯಲಿ. ಅವರ ಅಂಕಿ ನಿಜವಾಗಿದ್ದರೆ ಉಳಿದವರದೂ ನಿಜವಾಗಿರುತ್ತದೆ. ಎದ್ದು ಹೋಗುವ ಮುಂಚೆ ಮುಂದಿನ ತಿಂಗಳ ತಾರೀಕು ಹಾಕಿಬಿಡಿ. ಒಂದರಿಂದ ಏಳರವರೆಗೆ ಬೇಡ, ಆ ವಾರ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಇಪ್ಪತ್ತರ ಆಸುಪಾಸು ಇರಲಿ. ಬಟವಾಡೆಗೆ ದುಡ್ಡು ಸಾಲದು ಅಂತ ಆಗ ಗೊತ್ತಾದರೆ ಇನ್ನೂ ಹದಿನೈದು ದಿನ ಕೈಯಲ್ಲಿರುತ್ತದೆ.